ಟೇಪಣ್ಣನ ಎರಡು ಗೂಟ

ಬಲಗೂಟಕ್ಕೆ ಹೊಸ ಬಟ್ಟೆ, ಎಡಗೂಟಕ್ಕೆ ಹಳೆಯದರ ರಿಪೇರಿ. ದರ್ಜಿ ಟೇಪಣ್ಣ ಶೇರುಪೇಟೆಯ ಭವಿಷ್ಯ ನುಡಿಯುತ್ತಿದ್ದುದು ಗೋಡೆಯ ಈ ಎರಡು ಗೂಟ ನೋಡಿಯೇ. ಜನ ಹೊಸದು ಹೊಲಿಸಿದರೆ ಪೇಟೆ ಏರುತ್ತದೆ, ಹಳೆಯದಕ್ಕೆ ತೇಪೆ ಹಾಕಿಸಿದರೆ ಇಳಿಯುತ್ತದೆ. ಹೋದ ವಾರ ಬಲಗೂಟ ಕರೆಯದೆ ಬಿಟ್ಟ ಹಸುವಿನ ಕೆಚ್ಚಲಿನಂತೆ ಜೋತಾಗ, "ಏರುತ್ತೆ, ಬರೆದಿಟ್ಕೊಳ್ಳಿ!" ಎಂದು ಬೀದಿಗೆಲ್ಲ ಸಾರಿದ್ದ. ಮೋಟರಿನ ಹೊಲಿಗೆ ಮಿಷನ್ನಿಗೆಂದು ಕೂಡಿಟ್ಟದ್ದನ್ನೆಲ್ಲ ತಾನೂ ಶೇರಿಗೆ ಹಾಕಿದ್ದ. ಮೂವತ್ತು ವರ್ಷ ಪೆಡಲು ತುಳಿದ ಮಂಡಿ ಇನ್ನು ತಾಳುವಂತಿರಲಿಲ್ಲ.

ಇವತ್ತು ಬಾಗಿಲು ತೆಗೆದೊಡನೆ ಮೇಷ್ಟ್ರು ಹಳೇ ಕೋಟು ತಂದರು. "ಕಾಲರ್ ಸವೆದಿದೆ, ತಿರುಗಿಸಿ ಹೊಲಿ."

"ಹೊಸದು ಹೊಲಿಸ್ತೀನಿ ಅಂದಿದ್ರಲ್ಲ ಮೇಷ್ಟ್ರೆ?"

"ಈಗ ಬೇಡಪ್ಪ, ಕೈ ಖಾಲಿ," ಎಂದವರೇ ನಡೆದುಬಿಟ್ಟರು.

ಹಿಂದೆಯೇ ಔಷಧಿ ಅಂಗಡಿಯವನು ಪ್ಯಾಂಟಿನ ಹಿಂಬದಿಗೆ ತೇಪೆ ಕೇಳಿದ. ಅಂಚೆಯವನು ಅಪ್ಪನ ಅಂಗಿ ತಂದು ತನ್ನ ಅಳತೆಗೆ ಹಿಡಿದುಕೊಡು ಎಂದ. ಹತ್ತು ಗಂಟೆಗೆಲ್ಲ ಎಡಗೂಟ ಭಾರ ತಾಳದೆ ಕಿತ್ತು ಬಿತ್ತು.

ಟೇಪಣ್ಣ ಹೆಂಡತಿಯತ್ತ ತಿರುಗಿದ. "ಲೇ, ಪೇಟೆ ಮುಳುಗುತ್ತೆ ಕಣೇ!"

"ಹೋದ ವಾರ ಏರುತ್ತೆ ಅಂದ್ರಿ," ಗುಂಡಿ ಹೊಲಿಯುತ್ತಿದ್ದ ಹೆಂಡತಿ ತಲೆಯೆತ್ತಲಿಲ್ಲ. "ನಾಲ್ಕು ದಿನ ತಡೀರಿ. ಮೇಷ್ಟ್ರ ಕೋಟು ಹರಿದ್ರೆ ಲೋಕವೇ ಹರಿಯುತ್ತಾ?"

"ದೊಡ್ಡ ದೊಡ್ಡ ಪಂಡಿತರಿಗೆ ತಿಳಿಯದ್ದು ನನ್ನ ಗೂಟಕ್ಕೆ ತಿಳಿಯುತ್ತೆ!" ಎಂದು ಮೊಬೈಲ್ ಒತ್ತಿ ಅಷ್ಟೂ ಶೇರು ಮಾರಿದ. ಕೊಂಡದ್ದಕ್ಕಿಂತ ಕಡಿಮೆಗೇ ಹೋದವು. ಆದರೂ ಮುಳುಗುವ ದೋಣಿಯಿಂದ ಮೊದಲು ಹಾರಿದವನಂತೆ ಮೀಸೆ ತಿರುವಿದ.

ಸಂಜೆಗೆ ಪೇಟೆ ಗಾಳಿಪಟವಾಗಿತ್ತು. ಬೆಳಗ್ಗೆ ಬಂದಿದ್ದ ಮೂವರೂ ನಗುನಗುತ್ತ ಬಂದರು.

"ಟೇಪಣ್ಣ, ನಿನ್ನ ಬಾಯಿಗೆ ಸಕ್ಕರೆ ಹಾಕ!" ಎಂದರು ಮೇಷ್ಟ್ರು. "ಏರುತ್ತೆ ಅಂದೆ, ಏರೇಬಿಡ್ತು!"

ಟೇಪಣ್ಣನಿಗೆ ರೇಗಿತು. "ಮತ್ತೆ ಹಳೇ ಕೋಟು ಯಾಕೆ ತಂದ್ರಿ?"

"ನಿನ್ನ ಮಾತು ನಂಬಿ ಹೊಸ ಕೋಟಿನ ದುಡ್ಡನ್ನೇ ಶೇರಿಗೆ ಹಾಕಿದ್ನಲ್ಲ! ಇವರಿಬ್ಬರೂ ಅಷ್ಟೇ."

ಸೂಜಿ ನುಂಗಿದವನಂತೆ ಟೇಪಣ್ಣ ಬಾಯಿ ಬಿಟ್ಟ. "ಈಗ... ಲಾಭ ಬಂತಲ್ಲ, ಹೊಸದು ಹೊಲಿಸ್ತೀರಾ?"

"ಎಲ್ಲಿ! ಅದನ್ನೂ ಅಲ್ಲೇ ಬಿಟ್ಟಿದ್ದೀವಿ. ನೀನು ಹೇಳಿದ್ಮೇಲೆ ಅನುಮಾನವೇ? ಅಂದ ಹಾಗೆ, ನಿನಗೆಷ್ಟು ಬಂತು?"

ಹೆಂಡತಿ ಕೆಮ್ಮಿದಳು.

ಟೇಪಣ್ಣ ಎದೆ ಸೆಟೆಸಿದ. "ಹೇಳೋನಿಗೆ ಹೇಳಿದ್ದು ನಿಜವಾದ್ರೆ ಸಾಕು ಮೇಷ್ಟ್ರೆ. ದುಡ್ಡು ಯಾವನಿಗೆ ಬೇಕು!"

ಎಂದವನು ಕೋಟು ಎಳೆದುಕೊಂಡು, ಮಂಡಿ ನರಳುತ್ತಿದ್ದರೂ ಮಹಾರಾಜನ ಠೀವಿಯಲ್ಲಿ ಪೆಡಲು ತುಳಿಯತೊಡಗಿದ.