ಕೊಟ್ರೇಶನ ಹಡಗು ಸೊಪ್ಪಿನ ಗಾಡಿ ಹತ್ತಿದ್ದು

ಇನ್ನು ಮುಂದೆ ತನ್ನ ನೋಟುಗಳನ್ನು ಮನುಷ್ಯನ ಬೆರಳು ಮುಟ್ಟಕೂಡದು ಎಂದು ಕೊಟ್ರೇಶ್ ಶಪಥ ಮಾಡಿದ. ಅಂಥಿಂಥ ಶಪಥವಲ್ಲ. ಬಿಳಿ ಹತ್ತಿಯ ಕೈಗವಸು ತೊಟ್ಟು, ಬಲಗೈಯಲ್ಲಿ ಚಿಮುಟ ಎತ್ತಿ ಹಿಡಿದು, ಹೆಂಡತಿಯ ಎದುರು ನಿಂತು ಮಾಡಿದ ಭೀಷ್ಮ ಶಪಥ! ಹೇಮಲತಾ ಜೋಳದ ಹಿಟ್ಟು ನಾದುತ್ತಿದ್ದಳು. ಮುಟ್ಟುವ ಉತ್ಸಾಹ ತನಗೆ ಮೊದಲೂ ಇರಲಿಲ್ಲ, ಇನ್ನು ಮುಂದೆ ಬರುವ ಲಕ್ಷಣವೂ ಇಲ್ಲ ಎಂದಳು.

ಕೊಟ್ರೇಶ್ ಪೀಣ್ಯದ ಒಂದು ಬೋಲ್ಟ್ ಕಾರ್ಖಾನೆಯಲ್ಲಿ ಕ್ವಾಲಿಟಿ ಮ್ಯಾನೇಜರು. ವಾರದಲ್ಲಿ ಆರು ದಿನ ಬೋಲ್ಟುಗಳಲ್ಲಿ ತಪ್ಪು ಹುಡುಕುವುದು, ಏಳನೆಯ ದಿನ ಮನುಷ್ಯರಲ್ಲಿ. ಮೂರು ವರ್ಷದಿಂದ ಅವನಿಗೆ ಹಳೆಯ ನೋಟು, ಪರದೇಶದ ನೋಟು ಕೂಡಿಡುವ ಗೀಳು. ಟಿ. ದಾಸರಹಳ್ಳಿಯ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ನಲವತ್ತು ದೇಶಗಳ ರಾಜರು, ರಾಣಿಯರು, ಆನೆಗಳು, ಮೊಸಳೆಗಳು ಪ್ಲಾಸ್ಟಿಕ್ ಕವರಿನೊಳಗೆ ಬಾಡಿಗೆಯಿಲ್ಲದೆ ವಾಸವಾಗಿದ್ದವು. ಅವುಗಳನ್ನು ಹೊರಗೆ ತೆಗೆದಾಗ ಮನೆಯಲ್ಲಿ ಫ್ಯಾನ್ ಹಾಕುವಂತಿಲ್ಲ. ಹೆಂಡತಿ ಬೆವರಿದರೆ ಒರೆಸಿಕೊಂಡಾಳು, ಮೊಸಳೆ ಹಾರಿಹೋದರೆ ಗತಿಯೇನು? ನೋಟನ್ನು ಮಡಿಚಿ ಜೇಬಿಗಿಡುವವರನ್ನು ಕಂಡರಂತೂ ಅವನಿಗೆ ಮಹಾ ತಾತ್ಸಾರ. ಒಮ್ಮೆ ಮಾವ ಹಬ್ಬಕ್ಕೆಂದು ಐನೂರರ ನೋಟನ್ನು ನಾಲ್ಕು ಮಡಿಕೆ ಮಾಡಿ ಕೊಟ್ಟಾಗ, ಕಾಗದಕ್ಕೂ ಬೆನ್ನುಮೂಳೆ ಇರುತ್ತದೆ ಎಂದು ಉಪನ್ಯಾಸ ಕೊಟ್ಟಿದ್ದ. ಮಾವ ತಪ್ಪಾಯಿತೆಂದು ಹೇಳಿ ನೋಟನ್ನು ತಮ್ಮ ಜೇಬಿಗೇ ವಾಪಸ್ ಹಾಕಿಕೊಂಡಿದ್ದರು.

ಆ ಭಾನುವಾರ ಅವನ ಬಾಳಿನ ಮಹಾದಿನ. ಸಂಜೆ ನಾಲ್ಕಕ್ಕೆ ಹೆಬ್ಬಗೋಡಿಯಿಂದ ಮುರಳಿ ಎಂಬ ಸಂಗ್ರಾಹಕ ಬರುವವನಿದ್ದ. ಅವನ ಹತ್ತಿರ ನವಿಲಿನ ಚಿತ್ರವಿರುವ ಹಳೆಯ ಬರ್ಮಾ ನೋಟಿತ್ತು. ಅದಕ್ಕಾಗಿ ಕೊಟ್ರೇಶ್ ವರ್ಷದಿಂದ ಗೋಗರೆಯುತ್ತಿದ್ದ, ಅವನ ಕಾಲು ಹಿಡಿಯುವುದೊಂದು ಬಾಕಿ. ಕೊನೆಗೂ ಮುರಳಿ ಒಪ್ಪಿದ್ದ: ನವಿಲಿಗೆ ಬದಲಾಗಿ ಕೊಟ್ರೇಶನ ಹಡಗು. ಅಂದರೆ ಹಾಯಿಹಡಗಿನ ಚಿತ್ರವಿರುವ ಹಳೆಯ ಹತ್ತು ರೂಪಾಯಿ ನೋಟು, ಅಚ್ಚಾದ ದಿನದಿಂದ ಒಂದು ಮಡಿಕೆಯನ್ನೂ ಕಾಣದ ಸುಕುಮಾರಿ. ಒಂದೇ ಒಂದು ಮಡಿಕೆ ಕಂಡರೂ ಬಂದ ದಾರಿಯಲ್ಲೇ ವಾಪಸ್ ಹೋಗುತ್ತೇನೆ ಎಂದು ಮುರಳಿ ಮೊದಲೇ ಹೇಳಿದ್ದ.

ಬೆಳಗ್ಗೆ ಕೊಟ್ರೇಶ್ ಬಾಲ್ಕನಿಯಲ್ಲಿ ನಿಂತು ಹಡಗನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಕೆಳಗೆ ಸೊಪ್ಪಿನ ಗಾಡಿಯ ಮಲಕವ್ವನ ಕೂಗು ಕೇಳಿತು. ಹಗ್ಗ ಕಟ್ಟಿದ ಬುಟ್ಟಿ ಆ ಮನೆಯ ಲಿಫ್ಟು. ಅದರಲ್ಲಿ ಕೊತ್ತಂಬರಿ ಮೇಲೆ ಬಂದಾಗಿತ್ತು, ದುಡ್ಡು ಕೆಳಗೆ ಹೋಗಬೇಕಿತ್ತು. ದಿನಾ ಫೋನಿನಲ್ಲೇ ಕೊಡುವುದು. ಆದರೆ ಅವತ್ತು ಮಲಕವ್ವನಿಗೆ ಇನ್ನೂ ಬೋಣಿಯಾಗಿರಲಿಲ್ಲ. ದಿನದ ಮೊದಲ ವ್ಯಾಪಾರದ ನೋಟನ್ನು ಕಣ್ಣಿಗೊತ್ತಿಕೊಳ್ಳುವ ಆಕೆ, ಬಂತೆಂದು ಗಾಡಿಯ ಡಬ್ಬಿ ಕೂಗಿ ಹೇಳುವ ಫೋನಿನ ದುಡ್ಡು ಒಪ್ಪುವವಳಲ್ಲ. "ಡಬ್ಬಿ ಕೂಗಿದ್ರ ಕಣ್ಣಿಗೆ ಏನ್ ಒತ್ತಿಗೊಳ್ಳಲಿ, ಡಬ್ಬೀನಾ?" ಎನ್ನುವಳು. ಹೇಮಲತಾ ಅಡಿಗೆಮನೆಯ ಸಾಸಿವೆ ಡಬ್ಬ ತಡಕಿ ಒಂದು ಹತ್ತು ರೂಪಾಯಿ ಹುಡುಕಿ ತಂದು, ಇದನ್ನು ಬುಟ್ಟಿಗೆ ಹಾಕಿ ಇಳಿಸಿ ಎಂದು ಬಾಲ್ಕನಿಯ ಕಟ್ಟೆಯ ಮೇಲಿಟ್ಟು ಹೋದಳು.

ಆ ನೋಟನ್ನು ನೋಡಿ ಕೊಟ್ರೇಶ್ ಒಂದು ಹೆಜ್ಜೆ ಹಿಂದೆ ಸರಿದ. ಎಣ್ಣೆ, ಅರಿಶಿನ, ಯಾರದೋ ಫೋನ್ ನಂಬರು. ಇದನ್ನು ಕೈಯಿಂದ ಮುಟ್ಟುವುದೇ? ಹಡಗನ್ನು ಎಡಗೈಯ ಗವಸಿನ ಮೇಲೆ ಮಲಗಿಸಿಕೊಂಡು, ಆ ಕೊಳಕನ್ನು ಚಿಮುಟದಲ್ಲಿ ಸತ್ತ ಜಿರಲೆಯ ಹಾಗೆ ಎತ್ತಿದ. ಎತ್ತಿದವನು ಸುಮ್ಮನಿರಬಾರದೇ? ಅಡಿಗೆಮನೆಯ ಕಡೆ ತಿರುಗಿ, ದುಡ್ಡಿನ ಮರ್ಯಾದೆ ಗೊತ್ತಿಲ್ಲದ ಜನಾಂಗ ಉದ್ಧಾರವಾಗುವುದಿಲ್ಲ ಎಂದು ಹೆಂಡತಿಗೆ ಭಾಷಣ ಶುರುಮಾಡಿದ. ಬಾಯಿ ಭಾಷಣದಲ್ಲಿದ್ದಾಗ ಕೈಗಳು ಮೂರು ವರ್ಷದ ರೂಢಿಯಂತೆ ನಡೆದುಕೊಂಡವು. ಚಿಮುಟದಲ್ಲಿದ್ದದ್ದು ಪ್ಲಾಸ್ಟಿಕ್ ಕವರಿಗೆ ಹೋಯಿತು. ಉಳಿದದ್ದು ಬುಟ್ಟಿಗೆ.

ಹಡಗು ಗಾಳಿಯಲ್ಲಿ ಓಲಾಡುತ್ತ ಎರಡು ಮಹಡಿ ಇಳಿಯಿತು!

ಕವರಿನೊಳಗೆ ಎಣ್ಣೆ ಮೆತ್ತಿದ ಹತ್ತು ರೂಪಾಯಿಯ ದರ್ಶನವಾದಾಗ ಕೊಟ್ರೇಶನ ಬಾಯಿಂದ ಹೊರಟ ಸದ್ದಿಗೆ ಹೇಮಲತಾ ಲಟ್ಟಣಿಗೆ ಹಿಡಿದು ಓಡಿ ಬಂದಳು, ಹಲ್ಲಿ ಬಿತ್ತೇನೋ ಎಂದು. ಅಷ್ಟರಲ್ಲಿ ಅವನು ಪಂಚೆ, ಬನಿಯನ್ನು, ಕೈಗವಸಿನಲ್ಲೇ ಮೆಟ್ಟಿಲಿಳಿದಿದ್ದ. ಗಾಡಿ ಬೀದಿಯ ತಿರುವಿನಲ್ಲಿ, ಇಸ್ತ್ರಿ ಗಂಗಪ್ಪನ ಮೇಜಿನ ಹತ್ತಿರ ನಿಂತಿತ್ತು.

"ಅಮ್ಮಾ, ಆ ನೋಟು ವಾಪಸ್ ಕೊಡಿ. ಬೇರೆ ಹತ್ತು ರೂಪಾಯಿ ಕೊಡ್ತೀನಿ."

"ಬೋಣಿ ರೊಕ್ಕ ತಿರುಗಿ ಕೊಡೂದಿಲ್ರಿ ಸಾಹೇಬ್ರ," ಎಂದಳು ಮಲಕವ್ವ. "ಗಾಡಿ ಖಾಲಿ ಆಗೂತನಕ ಅದು ನನ್ನ ಹತ್ರನ ಇರಬೇಕು. ಅದೂ ಎಂಥಾ ನೋಟ್ರಿ! ನನ್ನ ಲಗ್ನದಾಗ ಇಂಥಾದ್ದು ಮುಯ್ಯಿ ಬಂದಿತ್ತು."

ಕೊಟ್ರೇಶ್ ನೂರು ಕೊಡುತ್ತೇನೆಂದ. ಆಕೆ ತಲೆಯಾಡಿಸಿದಳು. ಐನೂರೆಂದ. ಗಂಗಪ್ಪ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟ.

"ಹತ್ತಕ್ಕೆ ಐನೂರಾ? ಅಕ್ಕ, ಕೊಡಬ್ಯಾಡ. ಆ ನೋಟ್ನಾಗೆ ಏನೋ ಐತೆ."

ಸಾವಿರ ಅಂದದ್ದೇ ತಪ್ಪಾಯಿತು. ಮಲಕವ್ವ ಸುತ್ತಮುತ್ತ ನೋಡಿ ದನಿ ತಗ್ಗಿಸಿ, ಇದು ಯಾರ ಮನೆಯ ದುಡ್ಡು, ಪೊಲೀಸರೇನಾದರೂ ಬರುತ್ತಾರೆಯೇ ಎಂದು ವಿಚಾರಿಸಿದಳು. ಪೂರಾ ಗಾಡಿಯನ್ನೇ ಕೊಂಡುಬಿಡುತ್ತೇನೆ ಎಂದ ಕೊಟ್ರೇಶ್. ಒಬ್ಬರಿಗೇ ಎಲ್ಲ ಮಾರಿದರೆ ತನ್ನ ದಾರಿ ಕಾಯುವ ಮನೆಗಳಿಗೆ ಏನು ಮುಖ ತೋರಿಸಲಿ ಎಂದು ಆಕೆ ಗಾಡಿ ತಳ್ಳಿಕೊಂಡು ಹೊರಟೇಬಿಟ್ಟಳು. ಬೇಕಾದರೆ ಬೇಗ ಖಾಲಿ ಮಾಡಿಸಿ ಎಂದಳು.

ಗಾಡಿಯ ಮೂಲೆಯಲ್ಲಿ ದೇವಿಯ ಫೋಟೋ ಇತ್ತು. ಹಡಗು ಅದರಡಿಯಲ್ಲಿ ನೆಟ್ಟಗೆ ಮಲಗಿರಬೇಕು ಎಂದು ಕೊಟ್ರೇಶ್ ತನಗೆ ತಾನೇ ಸಮಾಧಾನ ಹೇಳಿಕೊಂಡ. ನಾಲ್ಕರೊಳಗೆ ಗಾಡಿ ಖಾಲಿಯಾಗಬೇಕು, ಅಷ್ಟೇ ತಾನೇ? ಬಿಳಿ ಗವಸಿನ ಕೈಗಳು ಗಾಡಿಯ ಹಿಡಿಗೆ ಬಿದ್ದವು.

ಮೊದಲ ಬೀದಿಯಲ್ಲಿ ದನಿಯೇ ಹೊರಡಲಿಲ್ಲ. ಎರಡನೆಯದರಲ್ಲಿ "ಸೊಪ್ಪು" ಎಂದದ್ದು ಅವನಿಗೊಬ್ಬನಿಗೇ ಕೇಳಿತು. ಮೂರನೆಯದರಲ್ಲಿ ಗಿರಾಕಿ ಹೆಂಗಸೊಬ್ಬಳು ಬಂದರೆ, ಹುಟ್ಟುಗುಣ ಬಿಡಬೇಕಲ್ಲ? ಮೆಂತ್ಯದ ಕಟ್ಟನ್ನು ತಿರುಗಿಸಿ ನೋಡಿ, ಇದರಲ್ಲಿ ಎರಡು ಎಲೆ ಹಳದಿಯಾಗಿದೆ, ಇದು ರಿಜೆಕ್ಟು ಎಂದು ಗಿರಾಕಿಗೇ ಹೇಳಿದ. ಆಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಮಾರಾಕ ಬಂದೀರೋ, ಕೆಡಸಾಕ ಬಂದೀರೋ?" ಎಂದು ಮಲಕವ್ವ ಗದರಿಸಿದಳು. ಕಾರ್ಖಾನೆಯಲ್ಲಿ ನೂರು ಜನರನ್ನು ನಡುಗಿಸುವ ಗಂಡು ತೆಪ್ಪಗೆ ಸಬ್ಬಸಿಗೆಗೆ ನೀರು ಚಿಮುಕಿಸಿದ.

ಮಧ್ಯಾಹ್ನ ದಾಟಿತು, ಗಾಡಿ ಅರ್ಧಕ್ಕೂ ಇಳಿಯಲಿಲ್ಲ. ಆಗ ಒಂದು ವಠಾರದ ಬಾಗಿಲಲ್ಲಿ ಈಶಪ್ಪ ಕಾಣಿಸಿಕೊಂಡ. ಅವನು ಕೊಟ್ರೇಶನ ಕೈಕೆಳಗಿನ ಲೇತ್ ಆಪರೇಟರು, ವಾರಕ್ಕೊಮ್ಮೆಯಾದರೂ ಬೈಸಿಕೊಳ್ಳುತ್ತಿದ್ದವನು. ಮ್ಯಾನೇಜರ ಬನಿಯನ್ನು ನೋಡಿದ, ಗಾಡಿ ನೋಡಿದ. ಹತ್ತಿರ ಬಂದು ಮೆಲ್ಲಗೆ ಕೇಳಿದ.

"ಸಾರ್, ಕಂಪನಿ ಮುಚ್ತಾ ಇದಾರಾ?"

ಇಲ್ಲಪ್ಪ, ಇದೊಂದು ನೋಟಿನ ವಿಷಯ ಎಂದು ಕೊಟ್ರೇಶ್ ವಿವರಿಸಹೊರಟ. ನೋಟಿನ ಕಷ್ಟ ಯಾರಿಗಿಲ್ಲ ಎಂದು ಈಶಪ್ಪ ನಿಟ್ಟುಸಿರಿಟ್ಟು ನಾಲ್ಕು ಕಟ್ಟು ದಂಟು ಕೊಂಡ. ಹತ್ತು ನಿಮಿಷದಲ್ಲಿ ಸುದ್ದಿ ಬೀದಿಯ ತುದಿ ಮುಟ್ಟಿತು. ಕ್ವಾಲಿಟಿ ಸಾಹೇಬರ ಕೆಲಸ ಹೋಗಿದೆಯಂತೆ! ಸೊಪ್ಪು ಮಾರುತ್ತಿದ್ದಾರಂತೆ! ಆ ಬೀದಿಯಲ್ಲಿದ್ದ ಕಾರ್ಖಾನೆಯವರು, ಸಾಹೇಬರಿಂದ ಬೈಸಿಕೊಂಡವರೆಲ್ಲ, ಒಬ್ಬೊಬ್ಬರಾಗಿ ಬಂದು, ಮುಖ ನೋಡಲಾರದೆ ನೆಲ ನೋಡುತ್ತ, ಚೌಕಾಶಿಯಿಲ್ಲದೆ ಕೊಂಡರು. ಸೊಪ್ಪು ತಿನ್ನದವರೂ ಕೊಂಡರು. ಅಷ್ಟು ಮರುಕವನ್ನು ಕೊಟ್ರೇಶ್ ಜನ್ಮದಲ್ಲಿ ಕಂಡಿರಲಿಲ್ಲ. ಬೈದಿದ್ದರೆ ವಾಸಿಯಿತ್ತು.

ನಾಲ್ಕಕ್ಕೆ ಸ್ವಲ್ಪ ಮುಂಚೆ ಖಾಲಿ ಗಾಡಿ ಅವನ ಮನೆಯ ಮುಂದೆ ಬಂದು ನಿಂತಿತು. ಮುರಳಿ ಆಗಲೇ ಬಂದು ಬೈಕಿಗೊರಗಿ ನಿಂತಿದ್ದ. ಹೇಮಲತಾ ಮೆಟ್ಟಿಲ ಮೇಲಿದ್ದಳು. ಕೊಟ್ರೇಶ್ ದೇವಿಯ ಫೋಟೋದ ಕಡೆ ಭಕ್ತಿಯಿಂದ ಕೈ ಚಾಚಿದ. ಮಲಕವ್ವ ಸೊಂಟಕ್ಕೆ ಕೈ ಹಾಕಿ ಎಲೆ ಅಡಿಕೆಯ ಸಂಚಿ ತೆಗೆದಳು. ಅದರಿಂದ ಎಲೆ ಬಂತು, ಅಡಿಕೆ ಬಂತು, ಸುಣ್ಣದ ಡಬ್ಬಿ ಬಂತು. ಎಲ್ಲದರ ಕೆಳಗಿಂದ ಅಡಿಕೆ ಹೋಳಿನಷ್ಟು ದಪ್ಪದ ಒಂದು ಪೊಟ್ಟಣ ಬಂತು.

"ಎಂಟು ಮಡಿಕಿ ಮಾಡಿ ಜ್ವಾಕಿ ಇಟ್ಟೇನ್ರಿ," ಎಂದಳು.

ಬಿಚ್ಚಿದರೆ ಹಡಗಿನ ಹಾಯಿ ಒಂದು ಕಡೆ, ಒಡಲು ಒಂದು ಕಡೆ. ಸಮುದ್ರದ ತುಂಬ ಸುಣ್ಣ. ಬೆಳಗ್ಗೆ ಅವನು ಮೆಟ್ಟಿಲಿಳಿಯುವ ಮುಂಚೆಯೇ ಹಡಗು ಮುಳುಗಿತ್ತು. ಇಡೀ ದಿನ ಅವನು ತಳ್ಳಿದ್ದು ಅದರ ಹೆಣವನ್ನು!

ಮುರಳಿ ಮುಟ್ಟಲೂ ಇಲ್ಲ, ಬಗ್ಗಿ ನೋಡಿದ ಅಷ್ಟೇ. "ಇದಕ್ಕೀಗ ಹತ್ತು ರೂಪಾಯಿ ಬೆಲೆ ಕಣ್ರೀ ಕೊಟ್ರೇಶ್. ಅದೂ ಅಂಗಡಿಯವನು ಒಪ್ಪಿದ್ರೆ," ಎಂದು ಹೆಲ್ಮೆಟ್ ಹಾಕಿಕೊಂಡ. ನವಿಲು ಬೈಕ್ ಹತ್ತಿ ಹೋಯಿತು.

ಮಲಕವ್ವನಿಗೆ ಇದೊಂದೂ ಅರ್ಥವಾಗಲಿಲ್ಲ. ಇಷ್ಟು ಬೇಗ ಗಾಡಿ ಖಾಲಿಯಾದದ್ದು ಮಾತ್ರ ಅರ್ಥವಾಗಿತ್ತು. ದುಡಿದವರ ಕೂಲಿ ಇಟ್ಟುಕೊಂಡರೆ ತನಗೆ ಒಳ್ಳೆಯದಾಗುವುದಿಲ್ಲ ಎಂದು ಐವತ್ತರ ಒಂದು ಮಾಸಿದ ನೋಟನ್ನು ಅವನ ಹಸಿರುಗಟ್ಟಿದ ಗವಸಿನೊಳಗೆ ತುರುಕಿ, ಗಾಡಿ ತಿರುಗಿಸಿಕೊಂಡು ಹೋದಳು.

ಕೊಟ್ರೇಶ್ ಇನ್ನೂ ಹಡಗಿನ ಸುಣ್ಣ ಕೊಡವುತ್ತಿದ್ದ. ಹೇಮಲತಾ ಇಳಿದು ಬಂದು ಅವನ ಕೈಯಿಂದ ಐವತ್ತನ್ನು ಬಿಡಿಸಿಕೊಂಡು, ಎರಡೂ ಕಣ್ಣಿಗೆ ಒತ್ತಿಕೊಂಡಳು.

"ಮೂರು ವರ್ಷ ಆಯ್ತು ಕಣ್ರೀ, ನೀವು ಈ ನೋಟಿನ ಅಂಗಡಿ ತೆಗೆದು," ಎಂದಳು. "ಅಂತೂ ಇವತ್ತು ಬೋಣಿ ಆಯ್ತು."