ಮೊಮ್ಮಗಳ ಗಂಟು

ಕೂಡ್ರಿ, ಕಾಲು ಚಾಚಿ ಆರಾಮ ಕೂಡ್ರಿ. ನಗೋ ಮಾತು ಹುಡುಕ್ಕೊಂಡು ನಾ ಎಲ್ಲಿಗೂ ಹೋಗಂಗಿಲ್ಲ. ಅವು ತಾವಾಗೇ ಬಂದು ನಮ್ಮ ಮಾನ್ವಿ ಮನಿ ಬಾಗಿಲಾ ಬಡೀತಾವ. ಈ ಸಲ ಮೊಮ್ಮಗಳ ಮೈತೂಕದ ನೆಪದಾಗ ಬಂದ್ವು.

ತುಂಬಿದ ಮೈ

ಮೊಮ್ಮಗಳು ಸಾಲಿ ಟೀಚರ್. ಹರೇದ ಹುಡುಗಿ, ದುಂಡಗಿದ್ಲು. ತೋಳಿನಾಗ ಸಣ್ಣದೊಂದು ಗಂಟು ಕಾಣಿಸ್ತು. ಆಕಿ ಚಿಗವ್ವ, ಅವರವ್ವನ ತಂಗಿ, ಸಣ್ಣ ವಯಸ್ಸಿನಾಗ ಕ್ಯಾನ್ಸರಿಗೆ ಹೋದಾಕಿ. ನಮ್ಮ ಜೀವ ಬಾಯಿಗೆ ಬಂತು, ರಾಯಚೂರಿಗೆ ಓಡಿದ್ವಿ.

ಡಾಕ್ಟರವ್ವ ಪರೀಕ್ಷಾ ಮಾಡಿಸಿ ಅಂದ್ಲು: "ಇದು ಬರೇ ಕೊಬ್ಬಿನ ಗಂಟು, ಅಂಜಬ್ಯಾಡ್ರಿ. ಆದ್ರ ಈ ವಯಸ್ಸಿನಾಗ ಇಷ್ಟು ತೂಕ ಬ್ಯಾಡ. ಹಿಂಗ ಏರಕೋತ ಹೋದ್ರ ಮುಂದ ಕೆಲವು ಕ್ಯಾನ್ಸರಿನ ಅಪಾಯ ಹೆಚ್ಚಾಗ್ತದ. ಈಗ ಇಳಿಸ್ರಿ."

"ಯವ್ವಾ, ಹುಡುಗಿ ಮೈ ತುಂಬಿಕೊಂಡಾಳ, ಅಷ್ಟ," ಅಂದೆ.

"ತುಂಬೋದು ಮುಗದದ ಅಜ್ಜಿ, ಈಗ ಚೆಲ್ಲಾಕತ್ತದ!"

ಹುಡುಗ ಎಲ್ಲಿಯವ?

ಬಸ್ ಇಳಿದ ಕೂಡಲೆ ಬಾಜೂ ಮನಿ ಚಾಚಾ, ಅಕ್ಕಿ ಅಂಗಡಿಯಾತ, ಕೇಳಿದ: "ರಾಯಚೂರಾಗ ಏನಾತು ಅಜ್ಜಿ?"

"ಮೊಮ್ಮಗಳ ಗಂಟಿನ ಸಲುವಾಗಿ ಹೋಗಿದ್ವಿ, ಎಲ್ಲಾ ಚಲೋ ಆತಪ್ಪ!"

ಆತ ಲಗ್ನದ ಗಂಟು ಅಂತ ತಿಳಕೊಂಡ. "ಮುಬಾರಕ್! ಹುಡುಗ ಎಲ್ಲಿಯವ?"

"ಹುಡುಗ ಅಲ್ಲೋ, ಕೊಬ್ಬು!"

"ಇರ್ಲಿ ಬಿಡು ಅಜ್ಜಿ, ಎಲ್ಲಾ ಹುಡುಗರಿಗೂ ಕೊಬ್ಬು ಇರ್ತದ. ಲಗ್ನ ಆದ್ರ ತಾನ ಕರಗ್ತದ."

ನುಕ್ಸಾನ್

ಮೊಮ್ಮಗಳು ಹಟಕ್ಕ ಬಿದ್ಲು. ಮುಂಜಾನೆ ಪೋತ್ನಾಳ ರಸ್ತೆದಾಗ ನಡಿಗಿ, ರಾತ್ರಿ ಜ್ವಾಳದ ರೊಟ್ಟಿ, ಪುಂಡಿ ಪಲ್ಯ. ನಾ ತುಪ್ಪ ತಂದ್ರ ತಾಟಿಗೆ ಕೈ ಅಡ್ಡ ಇಡ್ತಿದ್ಲು. ನಾ ಕೈ ಮ್ಯಾಲೇ ಹಾಕ್ತಿದ್ದೆ. ಎದ್ದು ಹಿತ್ತಲ ನಳಕ್ಕ ಹೋಗಿ ತೊಳಕೊಂಡು ಬರ್ತಿದ್ಲು, "ಇದೂ ನಡಿಗೀನ" ಅಂತ.

ತೂಕ ನೋಡಾಕ ಚಾಚಾನ ಅಕ್ಕಿ ಕಾಂಟಾ. ಮುಳ್ಳು ಇಳದಷ್ಟೂ ಆತನ ಮಾರಿ ಸಣ್ಣ ಆಗ್ತಿತ್ತು: "ನುಕ್ಸಾನ್ ಆತಲ್ಲ ಬೇಟಿ!" ಆಕಿ ಕಾಂಟಾದ ಮ್ಯಾಲೇ ಕುಣೀತಿದ್ಲು.

"ಮಾಲು ಕಮ್ಮಿ ಬಂತಂತ ಕುಣಿಯೋ ಗಿರಾಕೀನ ಜಿಂದಗಿಯಾಗ ಕಂಡಿಲ್ಲ," ಅಂದ ಚಾಚಾ.

ದೇವದುರ್ಗದ ಬೀಗರು

ಕಡೀಕ ದೇವದುರ್ಗದಿಂದ ಕನ್ಯಾ ನೋಡಾಕ ಬಂದ್ರು. ಹುಡುಗನ ತಾಯಿ ಅಂದ್ಲು: "ಫೋಟೋದಾಗ ಮೈಕೈ ತುಂಬಿ ಇದ್ಲಲ್ರಿ, ಈಗ ಸೊರಗ್ಯಾಳ. ಏನರ ಜಡ್ಡೇನ್ರಿ?"

ಮೊಮ್ಮಗಳು ಚಹಾ ಇಟ್ಟು ನೆಟ್ಟಗ ನಿಂತ್ಲು. "ಜಡ್ಡು ಬರಬಾರದಂತ ಇಳಿಸೀನ್ರಿ. ಚಿಗವ್ವನ್ನ ಕಳಕೊಂಡ ಮನಿ ನಮ್ದು. ನನ್ನ ಮತ್ತ ತುಂಬಿಸೋ ಆಸೆ ಇದ್ರ ಈಗಲೇ ಹೇಳ್ರಿ, ದೇವದುರ್ಗದ ಬಸ್ಸು ಇನ್ನೂ ಅದ."

ಹುಡುಗನ ಹೊಟ್ಟಿ ಮ್ಯಾಲ ಅಂಗಿ ಗುಂಡಿ ಜೀವ ಹಿಡಕೊಂಡು ಕುಂತಿದ್ವು. ಆತ ಕೈಯಾಗಿನ ಮಿರ್ಚಿ ಭಜಿ ಮೆಲ್ಲಕ ತಾಟಿಗಿಟ್ಟು ಕೇಳಿದ: "ನನಗೂ ಕಲಿಸ್ತೀರೇನ್ರಿ?"

ಈಗ ಯಾರ್ಯಾರು ಏನಾದ್ರು ಕೇಳ್ರಿ. ಡಾಕ್ಟರವ್ವ ಮೊಮ್ಮಗಳ ಬೆನ್ನು ತಟ್ಟಿ "ಹಿಂಗ ಇರು" ಅಂದ್ಲು. ಹುಡುಗ ಸಡ್ಲಾದ ಅಂಗಿಗಳಿಗೆಲ್ಲಾ ಒಳಹೊಲಿಗಿ ಹಾಕಿಸ್ಯಾನ. ಆತನ ತಾಯಿ ಮುಂಜಾನೆ ಇಬ್ಬರ ಹಿಂದ ಬೈಕೋತ ತಾನೂ ನಡೀತಾಳ. ನಾ ತುಪ್ಪದ ಚಮಚಾ ಸಣ್ಣದು ಮಾಡೀನಿ.

ಚಾಚಾ? ಲಗ್ನದಾಗ ಸೆರಗಿಗೆ ಶಲ್ಯದ ಗಂಟು ಹಾಕೂಮುಂದ ಮುಂದಿನ ಸಾಲಿನಾಗ ಎದ್ದು ಕೂಗಿದ: "ಅಜ್ಜೀ, ಗಂಟು ನಾ ಹೇಳಿದಂಗ ಆತು! ಆದ್ರ ಕೊಬ್ಬು ಲಗ್ನಕ್ಕ ಮೊದಲ ಕರಗ್ತು!"