ನಮ್ಮ ಹುರುಳಿಯ ಮೇಲೆ ಬಂದ ಕಾರು

ಹೆದರಿಕೆ ಅನ್ನುವುದು ಮೂಗು, ಮೈಬಣ್ಣಗಳ ಹಾಗೆ ಹುಟ್ಟಿನಿಂದಲೇ ಬರುತ್ತದೆ ಎಂದು ನಂಬಿದವನು ನಾನು. ಕೆಲವರಿಗೆ ತಪ್ಪು ಮಾಡಿದ ಮೇಲೆ ಹೆದರಿಕೆಯಾಗುತ್ತದೆ, ಕೆಲವರಿಗೆ ಸಿಕ್ಕಿಬಿದ್ದ ಮೇಲೆ. ನನಗೆ ಅಷ್ಟು ಹೊತ್ತು ಕಾಯುವ ತಾಳ್ಮೆ ಇಲ್ಲ. ನಾಗಮಂಗಲದ ಸರ್ಕಲ್ಲಿನಲ್ಲಿ ಪೊಲೀಸಿನವರು ನಿಂತಿದ್ದರೆ, ತಲೆಯ ಮೇಲೆ ಹೆಲ್ಮೆಟ್ಟು ಇದ್ದರೂ ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತೇನೆ. ಹಾಗೆ ಮುಟ್ಟಿಕೊಂಡದ್ದನ್ನು ಕಂಡೇ ಅವರು ಗಾಡಿ ನಿಲ್ಲಿಸಿ ಲೈಸೆನ್ಸು ಕೇಳಿದ್ದೂ ಉಂಟು. ಬ್ಯಾಂಕಿನಿಂದ ಫೋನು ಬಂದರೆ ಎದ್ದು ನಿಂತು ಮಾತಾಡುತ್ತೇನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆಯನ್ನು ಮಕ್ಕಳಿಗೆ ಹೇಳುವಾಗಲೆಲ್ಲ, ಪಾಪ, ಅವನು ಕದ್ದೇ ಇರಲಿಲ್ಲವೇನೋ, ನನ್ನಂಥ ಜೀವವಿರಬೇಕು ಅನ್ನಿಸುತ್ತದೆ. ಇಂಥವನಿಗೆ ದೇವರು ಹುಡುಕಿ ಹುಡುಕಿ ಸಿಂಧಘಟ್ಟದ ಹೆಣ್ಣನ್ನು ಗಂಟು ಹಾಕಿದ. ನನ್ನ ಹೆಂಡತಿ ಜಯಲಕ್ಷ್ಮಿಗೆ ಹೆದರಿಕೆ ಎಂಬ ಪದಾರ್ಥದ ಪರಿಚಯವೇ ಇಲ್ಲ. ಮದುವೆಯಾದ ಹೊಸದರಲ್ಲಿ ಕೆ.ಆರ್. ಪೇಟೆಯ ಹತ್ತಿರ ನಾವು ಇಳಿಯಬೇಕಾದ ಸ್ಟಾಪಿನಲ್ಲಿ ಬಸ್ಸು ನಿಲ್ಲಲಿಲ್ಲ. ನಾನು ಮುಂದಿನ ಸ್ಟಾಪಿನಿಂದ ನಡೆದು ಬರೋಣ, ಆರೋಗ್ಯಕ್ಕೆ ಒಳ್ಳೆಯದು ಅಂದೆ. ಅವಳು ಬಸ್ಸನ್ನು ಹಿಂದಕ್ಕೆ ಹಾಕಿಸಿದಳು.

ನಾನು ನಾಗಮಂಗಲದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮೇಷ್ಟ್ರು. ಮನೆ ಮಾತ್ರ ಹೊಣಕೆರೆ ಕಡೆಯ ಹಳ್ಳಿಯಲ್ಲಿ, ರಸ್ತೆಗೆ ಅಂಟಿಕೊಂಡೇ ಇದೆ. ಇರುವ ತುಂಡು ಹೊಲವನ್ನು ಜಯ ನೋಡಿಕೊಳ್ಳುತ್ತಾಳೆ. ರಾಗಿ, ಹುರುಳಿ ಬೆಳೆಯುತ್ತಾಳೆ. ಬೆಳೆಯುವುದೇನೋ ಸರಿ, ಒಕ್ಕಣೆ ಮಾಡುವುದೆಲ್ಲಿ? ನಮ್ಮಪ್ಪನ ಕಾಲದಲ್ಲಿ ಕಣ ಮಾಡಿ, ಸಗಣಿ ಸಾರಿಸಿ, ಎತ್ತು ಕಟ್ಟಿ ಬೆಳೆಯ ಮೇಲೆ ರೋಣಗಲ್ಲು ಉರುಳಿಸಿ ಕಾಳು ಬಿಡಿಸುತ್ತಿದ್ದರು. ಈಗ ಎತ್ತೂ ಇಲ್ಲ, ಕಣದ ಜಾಗದಲ್ಲಿ ತಿಮ್ಮೇಗೌಡರ ಹೊಸ ಮನೆ ಎದ್ದಿದೆ. ಹಾಗಾಗಿ ನಮ್ಮ ಕಡೆಯವರೆಲ್ಲ ಮಾಡುವ ಉಪಾಯವನ್ನೇ ಜಯಳೂ ಮಾಡುತ್ತಾಳೆ. ಕಿತ್ತು ಒಣಗಿಸಿದ ಹುರುಳಿ ಬಳ್ಳಿಯನ್ನು ತಂದು ರಸ್ತೆಯ ಮೇಲೆ ಹರಡಿ ಮನೆಯೊಳಗೆ ಬಂದುಬಿಡುವುದು. ಬಸ್ಸು, ಲಾರಿ, ಟ್ರಾಕ್ಟರು ಯಾವುದು ಹೋದರೂ ನಮ್ಮ ಕೆಲಸ ಆದ ಹಾಗೆ. ಸಂಜೆ ಹೋಗಿ ಹೊಟ್ಟು ಬಳಿದು ಕಾಳು ತುಂಬಿಕೊಂಡರೆ ಮುಗಿಯಿತು. ಅದರಲ್ಲೂ ನಮ್ಮ ರಸ್ತೆಗೆ ಹೊಸದಾಗಿ ಡಾಂಬರು ಹಾಕಿದ ಮೇಲೆ, ಕಾಳಿಗೆ ಒಂದು ಕಲ್ಲು ಸೇರುವುದಿಲ್ಲ ಎಂದು ಊರಿನ ಹೆಂಗಸರೆಲ್ಲ ಸರ್ಕಾರವನ್ನು ಹೊಗಳಿದ್ದರು.

ನನ್ನ ಸಂಕಟ ಬೇರೆ. ಆ ವಾರವೇ ನಮ್ಮ ಶಾಲೆಯಲ್ಲಿ ರಸ್ತೆ ಸುರಕ್ಷತೆಯ ಬಗ್ಗೆ ಭಾಷಣ ಮಾಡಲು ಯಾರೂ ಸಿಗದೆ ಹೆಡ್‌ಮಾಸ್ಟರು ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದರು. ರಸ್ತೆ ಇರುವುದು ಓಡಾಡುವುದಕ್ಕೇ ಹೊರತು ಒಕ್ಕಣೆಗಲ್ಲ, ಅದು ಅಪರಾಧ, ನಿಮ್ಮ ತಂದೆತಾಯಿಗೆ ತಿಳಿಹೇಳಿ ಎಂದು ನಾನು ಮೇಜು ಗುದ್ದಿ ಹೇಳಿದ್ದೆ. ಫೋಟೋ ಕೂಡ ತೆಗೆದಿದ್ದರು. ಭಾನುವಾರ ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ನಮ್ಮ ಮನೆಯ ಮುಂದೆಯೇ ರಸ್ತೆಯ ಉದ್ದಕ್ಕೂ ಹುರುಳಿ ಮಲಗಿದೆ! "ಜಯಾ, ನಾನು ಸರ್ಕಾರಿ ನೌಕರ ಕಣೇ" ಎಂದೆ. "ಉಳ್ಳಿ ಸರ್ಕಾರಿ ನೌಕರ ಅಲ್ವಲ್ಲ, ಬುಡಿ" ಎಂದಳು. ನಮ್ಮ ಕಡೆಯವರ ಬಾಯಲ್ಲಿ ಹುರುಳಿ ಉಳ್ಳಿಯೇ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂಬ ಮಾತು ನೆನಪಾಯಿತು. ಜಗಲಿಯ ಮೇಲೆ ಪೇಪರು ಅಡ್ಡ ಹಿಡಿದು ಕೂತೆ. ಹೋಗುವ ಪ್ರತಿಯೊಂದು ವಾಹನದ ಒಳಗೂ ನನಗೆ ಶಿಕ್ಷಣಾಧಿಕಾರಿಗಳೇ ಕಾಣುತ್ತಿದ್ದರು.

ತಿಂಡಿಯ ಹೊತ್ತು ಮುಗಿದಿರಬೇಕು. ನಾಗಮಂಗಲದ ಕಡೆಯಿಂದ ಒಂದು ಸದ್ದು ಬಂತು. ಮೊದಲು ಗುಡುಗು ಅಂದುಕೊಂಡೆ. ಆಕಾಶ ಶುಭ್ರವಾಗಿತ್ತು. ಪಕ್ಕದ ಮನೆಯ ತಿಮ್ಮೇಗೌಡರು ಬೇವಿನ ಕಡ್ಡಿಯನ್ನು ಬಾಯಲ್ಲಿಟ್ಟುಕೊಂಡೇ ಹೊರಗೆ ಬಂದು, "ಏನ್ ಮೇಷ್ಟ್ರೇ, ಬೋರ್‌ವೆಲ್ ಲಾರಿಯಾ?" ಅಂದರು. ಅಷ್ಟರಲ್ಲಿ ಒಂದು ಹಳದಿ ಕಾರು ಹಾದುಹೋಯಿತು. ಅದರ ಹಿಂದೆ ಕೆಂಪು, ಅದರ ಹಿಂದೆ ಹಸಿರು. ಒಂದೊಂದೂ ನಮ್ಮ ಸೊಂಟದ ಎತ್ತರಕ್ಕೂ ಇರಲಿಲ್ಲ. ಆಮೇಲೆ ತಿಳಿದದ್ದು ಇಷ್ಟು: ಬೆಂಗಳೂರಿನಲ್ಲಿ ಇಂಥ ಕಾರು ಇಟ್ಟುಕೊಂಡವರದೇ ಒಂದು ಕ್ಲಬ್ಬಂತೆ. ಭಾನುವಾರ ಎಲ್ಲರೂ ಸೇರಿ ಸವಾರಿ ಹೊರಡುತ್ತಾರಂತೆ. ಬೆಳ್ಳೂರು ಕ್ರಾಸಿನಲ್ಲಿ ಇಡ್ಲಿ ತಿಂದು, ನಮ್ಮೂರ ಮೇಲೆ ಪಾಂಡವಪುರಕ್ಕೆ ಹೋಗಿ, ಶ್ರೀರಂಗಪಟ್ಟಣದಲ್ಲಿ ಹೊಳೆ ನೋಡಿ ಊಟ ಮಾಡುವುದು ಅವತ್ತಿನ ಕಾರ್ಯಕ್ರಮ. ಹೆದ್ದಾರಿ ಬಿಟ್ಟು ಇಲ್ಲಿಗೇಕೆ ಬಂದರು ಅಂದರೆ, ಹೊಸ ಡಾಂಬರು ನುಣ್ಣಗಿದೆ ಅಂತ ಯಾರೋ ಹೇಳಿದ್ದರಂತೆ. ಜಯಳಿಗೂ ಅವರಿಗೂ ರಸ್ತೆಯ ವಿಷಯದಲ್ಲಿ ಒಂದೇ ಅಭಿರುಚಿ.

ಮುಂದಿನ ಕಾರುಗಳು ಹುರುಳಿ ಕಂಡು ನಿಧಾನ ಮಾಡಿ, ಕಾಲಿಗೆ ಕೆಸರು ತಾಗದ ಹಾಗೆ ನಡೆಯುವವರಂತೆ ದಾಟಿದವು. ಕೊನೆಯಲ್ಲಿ ಉಳಿದುಹೋಗಿದ್ದ ಒಂದು ನೀಲಿ ಕಾರು ಮಾತ್ರ ಅವರನ್ನೆಲ್ಲ ಹಿಡಿಯುವ ಅವಸರದಲ್ಲಿ ಬಂತು. ಬಂದದ್ದು ನನಗೆ ಕಾಣಲಿಲ್ಲ, ತಿರುಗಿದ್ದು ಕಂಡಿತು. ಹುರುಳಿಯ ಮೇಲೆ ಅದು ಬುಗುರಿಯ ಹಾಗೆ ಒಂದು ಸುತ್ತು ಸುತ್ತಿ, ಹೊಲದ ಗಡಿಕಲ್ಲಿಗೆ ಮೂತಿ ಕುಟ್ಟಿ, ಜಾರಿ ಹೋಗಿ ತಿಮ್ಮೇಗೌಡರ ತಿಪ್ಪೆಯೊಳಗೆ ಅರ್ಧ ಸೇರಿಕೊಂಡಿತು. ಆಮೇಲೆ ಸದ್ದೇ ಇಲ್ಲ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ಕೆಲಸ, ಸಸ್ಪೆನ್ಷನ್ನು ಯಾವುದೂ ನೆನಪಿಗೆ ಬರಲಿಲ್ಲ. ಒಳಗಿರುವ ಮನುಷ್ಯ ಸತ್ತಿದ್ದರೆ ಎಂಬುದೊಂದೇ ತಲೆಯಲ್ಲಿತ್ತು. ಎಲ್ಲರೂ ಓಡಿದರು, ನಾನೂ ಹೇಗೋ ಓಡಿದೆ. ಕಾರಿನ ಬಾಗಿಲು ಕೋಳಿ ರೆಕ್ಕೆ ಎತ್ತಿದಂತೆ ಮೇಲಕ್ಕೆ ಎದ್ದಿತು. ಒಳಗಿಂದ ಐವತ್ತರ ಆಸುಪಾಸಿನ ಒಬ್ಬ ಸಾತ್ವಿಕ ಮುಖದವರು, ಒಂದು ಗಾಯವೂ ಇಲ್ಲದೆ, ಈಚೆ ಬಂದು ತಿಪ್ಪೆಯ ಮೇಲೆ ನಿಂತು ಕನ್ನಡಕ ಸರಿಮಾಡಿಕೊಂಡರು. ನನಗೆ ಅಳುವೇ ಬಂದುಬಿಟ್ಟಿತು. ಅವರು ಬದುಕಿದ್ದಾರೆ ಎಂದು ಖಾತ್ರಿಯಾದ ಮರುಕ್ಷಣವೇ ನನ್ನ ಮಾಮೂಲು ಹೆದರಿಕೆ ವಾಪಸ್ಸು ಬಂದು ಜಾಗ ಹಿಡಿಯಿತು.

ಮುಂದೆ ಹೋದ ಕಾರುಗಳೆಲ್ಲ ತಿರುಗಿ ಬಂದವು. ಅವರಲ್ಲೊಬ್ಬರು ತಲೆ ಮೇಲೆ ಕೈಹೊತ್ತು, ಇಂಥ ಕಾರು ಇಡೀ ದೇಶದಲ್ಲೇ ಒಂದು ಕೈ ಬೆರಳಲ್ಲಿ ಎಣಿಸುವಷ್ಟಿವೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ತಿಮ್ಮೇಗೌಡರು ನನ್ನಿಂದ ಅದರ ಅರ್ಥ ಕೇಳಿ ತಿಳಿದುಕೊಂಡು, ತಮ್ಮ ತಿಪ್ಪೆಯನ್ನು ಒಮ್ಮೆ ಹೊಸ ಗೌರವದಿಂದ ನೋಡಿದರು. ನನ್ನ ತಲೆಯಲ್ಲಿ ಆಗಲೇ ಟೀವಿ ಶುರುವಾಗಿತ್ತು: ಮೇಷ್ಟ್ರ ಹುರುಳಿಗೆ ಕಾರು ಬಲಿ, ಭಾಷಣ ಒಂದು ಬದುಕು ಇನ್ನೊಂದು, ಎಂದು ಕೆಂಪಕ್ಷರ ಕೆಳಗೆ ಓಡುತ್ತಿತ್ತು. ಮೇಜು ಗುದ್ದಿದ ಫೋಟೋ ಅವರಿಗೆ ಸಿಕ್ಕೇ ಸಿಗುತ್ತದೆ. ಕಾರಿನವರಲ್ಲಿ ಯಾರೋ ಫೋನು ಮಾಡಿದ್ದಿರಬೇಕು, ನೋಡುನೋಡುತ್ತಲೇ ನಿಜವಾದ ಪೊಲೀಸ್ ಜೀಪೂ ಬಂತು. ಇಳಿದ ಹೆಡ್ ಕಾನ್‌ಸ್ಟೇಬಲ್ಲು ಒಂದು ಹಿಡಿ ಬಳ್ಳಿ ಎತ್ತಿ ಹಿಡಿದು, "ಯಾರ್ದ್ರಲಾ ಇದು ಉಳ್ಳಿ?" ಎಂದು ಗುಡುಗಿದರು.

ಊರಿಗೆ ಊರೇ ಆಕಾಶ ನೋಡಿತು. ತಿಮ್ಮೇಗೌಡರು ಬಾಯಿಂದ ಬೇವಿನ ಕಡ್ಡಿ ತೆಗೆದು, "ಗೊತ್ತಿಲ್ಲ ಸಾ. ನಾವ್ ಏಳೋ ಒತ್ಗೇ ಇಲ್ಲಿ ಬಿದ್ದಿತ್ತು" ಎಂದರು. ಬಿಳಿ ಅಂಗಿ ಹಾಕಿದ್ದ ಒಬ್ಬನೇ ಒಬ್ಬ ನಾನು, ಮೇಷ್ಟ್ರು ಎಂದು ಗುರುತಿಸಲು ಅಷ್ಟು ಸಾಕಾಯಿತು. "ಮೇಷ್ಟ್ರೇ, ನೀವು ಓದ್ದೋರು. ಆ ಸಾಹೇಬ್ರಿಗೆ ಕನ್ನಡ ಬರಂಗ್ ಕಾಣಲ್ಲ. ಇಲ್ಲಿ ಯಾರ್ದು ಅಂತ ವಿಚಾರಿಸ್ತಾ ಇದೀವಿ ಅಂತ ಒಸಿ ಇಂಗ್ಲೀಷ್ನಲ್ಲಿ ಏಳಿ" ಎಂದರು ಹೆಡ್ ಕಾನ್‌ಸ್ಟೇಬಲ್ಲು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಇಂಗ್ಲಿಷ್ ಪಾಠ ಮಾಡಿದ್ದೇನೆ. ಅಂಥ ನಿರರ್ಗಳ ಇಂಗ್ಲಿಷ್ ನನ್ನ ಬಾಯಿಂದ ಹಿಂದೆಂದೂ ಹೊರಟಿರಲಿಲ್ಲ. ಹುರುಳಿ ಯಾರದೆಂದು ತಿಳಿಯದು, ಹಳ್ಳಿಯ ಜನ ಮುಗ್ಧರು, ಅಪರಿಚಿತರು ಯಾರೋ ಹರಡಿ ಹೋಗಿರಬೇಕು ಎಂದು, ಒಂದು ವ್ಯಾಕರಣ ದೋಷವಿಲ್ಲದೆ ವಿವರಿಸಿದೆ. ಆ ಪುಣ್ಯಾತ್ಮರು ತಲೆಯಾಡಿಸುತ್ತ ಕೇಳಿದರು. ಇನ್ನೇನು ದಡ ಸೇರಿದೆ ಅನ್ನುವಷ್ಟರಲ್ಲಿ, ಒಂದು ಕೈಯಲ್ಲಿ ಪೊರಕೆ, ಇನ್ನೊಂದು ಕೈಯಲ್ಲಿ ನೀರಿನ ಚೊಂಬು ಹಿಡಿದು ಜಯ ಮನೆಯಿಂದ ಇಳಿದು ಬಂದಳು.

"ಯಾರ್ದೋ ಯಾಕಾದದು? ನಂದೇ ಉಳ್ಳಿ" ಎಂದಳು. "ನಾನೇ ಬಿತ್ತಿದ್ದು, ನಾನೇ ಕಿತ್ತಿದ್ದು, ನಾನೇ ಇಲ್ಲಿ ಅರಡಿದ್ದು. ಬೆಳಗ್ಗಿಂದ ಬಸ್ ಓಯ್ತು, ಟ್ರಾಕ್ಟರ್ ಓಯ್ತು, ಆಲಿನ ವ್ಯಾನ್ ಓಯ್ತು. ಯಾರ್ಗೂ ಏನೂ ಆಗ್ಲಿಲ್ಲ. ಆ ಪಾಟಿ ಓಡುಸ್ಕೊಂಡ್ ಬಂದ್ರೆ ಉಳ್ಳಿ ಏನಪ್ಪ ಮಾಡ್ತದೆ? ರಸ್ತೇಲಿ ಆಕಿದ್ದು ನನ್ ತಪ್ಪೇಯ, ಇಲ್ಲ ಅನ್ನಲ್ಲ. ಮೈಗೇನೂ ಆಗಿಲ್ಲ ತಾನೆ? ತಕ್ಕೋ, ಮೊದ್ಲು ನೀರ್ ಕುಡಿ." ಕಾರಿನ ಮಹಾಶಯರು ಚೊಂಬು ಈಸಿಕೊಂಡು ಗಟಗಟ ಕುಡಿದು, ನನ್ನ ಕಡೆ ತಿರುಗಿ, ಏನೆಂದರು ಎಂದು ಇಂಗ್ಲಿಷಿನಲ್ಲಿ ಕೇಳಿದರು. "ಶಿ ಈಸ್ ವೆರಿ ಸಾರಿ, ಸರ್" ಎಂದೆ. ಈಕೆ ಯಾರು ಎಂದು ಕೇಳಿದರು. ನನ್ನ ಎಡಕ್ಕೆ ಹೆಡ್ ಕಾನ್‌ಸ್ಟೇಬಲ್ಲು, ಬಲಕ್ಕೆ ನಾನು ತಾಳಿ ಕಟ್ಟಿದ ಹೆಂಡತಿ. ನಾಲಗೆ ನನ್ನ ಅಪ್ಪಣೆಗೆ ಕಾಯಲಿಲ್ಲ. "ಸಮ್ ಲೇಡಿ, ಸರ್. ಫ್ರಮ್ ದಿ ವಿಲೇಜ್" ಎಂದುಬಿಟ್ಟೆ. ಜಯ ಪಿಯುಸಿ ಓದಿದವಳು ಎಂಬುದು ಆಮೇಲೆ ನೆನಪಾಯಿತು.

ಆ ಮಹಾಶಯರು ನನ್ನನ್ನು ಬಿಟ್ಟು ಜಯಳ ಕಡೆ ತಿರುಗಿದರು. ಅವಳಿಗೆ ಕೈಮುಗಿದು, ಸ್ವಚ್ಛ ಬೆಂಗಳೂರು ಕನ್ನಡದಲ್ಲಿ, "ಅಮ್ಮಾ, ತಪ್ಪು ನಂದೂ ಇದೆ. ಸ್ಪೀಡ್ ಜಾಸ್ತಿ ಆಯ್ತು. ನಿಮ್ಮ ಹುರುಳಿ ಎಲ್ಲಾ ಚೆಲ್ಲಾಪಿಲ್ಲಿ ಮಾಡಿಬಿಟ್ಟೆ" ಎಂದರು. ರಾಜಾಜಿನಗರದಲ್ಲೇ ಹುಟ್ಟಿ ಬೆಳೆದವರಂತೆ! ನಾವು ಕಾರು ನೋಡಿ ಕನ್ನಡ ಬರುವುದಿಲ್ಲ ಅಂದುಕೊಂಡಿದ್ದೆವು, ಅವರೋ ನಾನು ಏನು ಹೇಳುತ್ತೇನೆ ನೋಡೋಣವೆಂದು ಬೇಕೆಂದೇ ಇಂಗ್ಲಿಷಿನಲ್ಲಿ ಕೇಳಿದ್ದರು. ದೂರು ಕೊಡುವುದಿಲ್ಲ ಎಂದೂ ಅವರೇ ಹೇಳಿದರು. ಹೆಡ್ ಕಾನ್‌ಸ್ಟೇಬಲ್ಲು ಇನ್ನೊಂದು ಸಲ ರಸ್ತೆಗೆ ಏನಾದರೂ ಹಾಕಿದರೆ ನೋಡಿ ಎಂದು ಎಲ್ಲರಿಗೂ ಸೇರಿಸಿ ಬೈದು ಹೋದರು. ದೊಡ್ಡ ಲಾರಿ ಬಂದು ಕಾರನ್ನು ಹೊತ್ತುಕೊಂಡು ಹೊರಟಿತು. ಹೋಗುವಾಗ ಆ ಮಹಾಶಯರು ನನ್ನ ಕೈ ಕುಲುಕಿ, "ನಿಮ್ಮ ಇಂಗ್ಲಿಷ್ ತುಂಬ ಚೆನ್ನಾಗಿದೆ ಸರ್" ಎಂದರು. ಫೋನ್ ನಂಬರು ಮಾತ್ರ ಜಯಳಿಗೆ ಕೊಟ್ಟರು.

ಕೆಲಸವೇನೋ ಉಳಿಯಿತು. ಉಳಿದ ಮೇಲಿನ ಬಾಳು ಕೇಳಬೇಡಿ. ತಿಮ್ಮೇಗೌಡರು, "ಅವತ್ತು ಆಯಮ್ಮನ ಗಂಡ ನೀವೇ ಅಂತ ನಾನ್ ಬಾಯ್ ಬುಟ್ಟಿದ್ರೆ?" ಅಂದುಕೊಂಡು ಬೇಕಾದಾಗೆಲ್ಲ ನನ್ನ ಬೈಕು ತೆಗೆದುಕೊಂಡು ಹೋಗುತ್ತಾರೆ, ಪೆಟ್ರೋಲು ಖಾಲಿಯಾದ ಮೇಲೆ ತಂದು ನಿಲ್ಲಿಸುತ್ತಾರೆ. ಜಯ ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಸರ್, ಊಟಕ್ಕೆ ಬರ್ತೀರಾ?" ಎಂದು ಕೂಗುತ್ತಾಳೆ. ಹೆದರಿ ಹಾಗಂದೆ ಕಣೇ ಎಂದು ಕೇಳಿಕೊಂಡರೆ, "ಎದ್ರೋದು ತಪ್ಪಲ್ಲ ಬುಡಿ, ಸರ್" ಎನ್ನುತ್ತಾಳೆ. ಪ್ರಾಯಶ್ಚಿತ್ತಕ್ಕೆಂದು ಬೆಳಗಿನ ಕಾಫಿ ಮಾಡುವ ಕೆಲಸವನ್ನು ನಾನೇ ವಹಿಸಿಕೊಂಡೆ. ಅವಳು ಕುಡಿಯುತ್ತಾಳೆ, ಆದರೆ ಹೇಗಿದೆ ಅನ್ನುವುದಿಲ್ಲ.

ಹೀಗಿರುವಾಗ ಜಯ ಆ ಹುರುಳಿಯನ್ನು ಮೊರದಲ್ಲಿ ಕೇರುತ್ತಿದ್ದಾಗ ಕಾಳಿನ ಜೊತೆ ಒಂದು ಲೋಹದ ಬಿಲ್ಲೆ ಸಿಕ್ಕಿತು. ಕಾರಿನ ಮೂತಿಯ ಮೇಲಿದ್ದ ಮುದ್ರೆ. ಅವಳು ಫೋನು ಮಾಡಿದಳು. ಮುಂದಿನ ಭಾನುವಾರ ಆ ಮಹಾಶಯರು ಹೆಂಡತಿಯನ್ನು ಕರೆದುಕೊಂಡು, ನಮ್ಮ ನಿಮ್ಮ ಹತ್ತಿರ ಇರುವಂಥ ಸಾದಾ ಕಾರಿನಲ್ಲಿ, ನಿಧಾನವಾಗಿ ಬಂದರು. ಅಂಥ ಬಿಲ್ಲೆ ಎಲ್ಲಿ ಹುಡುಕಿದರೂ ಸಿಗುವುದಿಲ್ಲವಂತೆ, ಅದನ್ನು ಕಣ್ಣಿಗೊತ್ತಿಕೊಂಡರು. ಜಯ ಅವರನ್ನು ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿ, ಬಹುದಿನದ ಬಳಗದ ಹಾಗೆ ಮಾತಾಡುತ್ತಿದ್ದಳು. ನಾನು ಒಳಗೆ ಒಲೆಯ ಮುಂದೆ ಬೆವರುತ್ತಿದ್ದೆ. ಏನಾದರಾಗಲಿ, ಇವತ್ತು ಎಲ್ಲರ ಮುಂದೆ ಇವಳು ನನ್ನ ಹೆಂಡತಿ ಎಂದು ಹೇಳಿಯೇಬಿಡಬೇಕು ಎಂದು ಗಟ್ಟಿಮನಸ್ಸು ಮಾಡಿ, ಲುಂಗಿ ಬನಿಯನ್ನಿನಲ್ಲೇ ಕಾಫಿಯ ತಟ್ಟೆ ಹಿಡಿದು ಹೊರಗೆ ಬಂದೆ. ಮಹಾಶಯರ ಹೆಂಡತಿ ನನ್ನನ್ನು ನೋಡಿ ನಕ್ಕು, "ಇವರು ಯಾರಮ್ಮಾ?" ಎಂದು ಜಯಳನ್ನು ಕೇಳಿದರು.

ಜಯ ನನ್ನನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. "ಯಾರೋ ಊರ್ನೋರು ಕಣವ್ವ" ಎಂದಳು. "ಕಾಪಿ ಚೆನ್ನಾಗ್ ಮಾಡ್ತಾರೆ ಅಂತ ಇಟ್ಕೊಂಡಿವ್ನಿ."

ಎಷ್ಟೋ ದಿನದಿಂದ ಕಾಫಿಗೆ ಒಂದು ಹೊಗಳಿಕೆ ಬರಲಿ ಎಂದು ಕಾದಿದ್ದವನು ನಾನು. ಗಂಡ ಎಂದು ಹೇಳಿಕೊಳ್ಳುವುದನ್ನು ಅಲ್ಲಿಗೇ ಬಿಟ್ಟು, ಸಕ್ಕರೆ ಎಷ್ಟು ಹಾಕಲಿ ಎಂದು ಆ ತಾಯಿಯನ್ನು ಇಂಗ್ಲಿಷಿನಲ್ಲಿ ಕೇಳಿದೆ.